ಗೇಜಲ್ಲಿ 110 ಬಾರ್ ಇದೆ, ಆದ್ರೂ ರೋಲ್ ಬಗ್ಗಲ್ಲ: ಬೆಂಡಿಂಗ್ ಸಿಲಿಂಡರ್ ರಿಪೇರಿ ಕಥೆ

ಮೂರು ವಾರದಿಂದ ಒಂದೇ ಗೋಳು, ನಮ್ಮ ರೋಲಿಂಗ್ ಮಿಲ್ಲಿಂದ ಬರೋ ಸ್ಟೀಲ್ ಸ್ಟ್ರಿಪ್ಪಿನ ಡ್ರೈವ್ ಸೈಡ್ (ಮೋಟರ್ ಇರೋ ಕಡೆ) ಅಂಚಲ್ಲಿ ಅಲೆ. ಆಪರೇಟರ್ ಸೈಡ್ ಅಂಚು ಚೆನ್ನಾಗಿದೆ, ನಡುವೆ ಚೆನ್ನಾಗಿದೆ, ಡ್ರೈವ್ ಸೈಡ್ ಕೊನೆ 60-70 ಎಂಎಂ ಮಾತ್ರ ಲಂಗದ ಅಂಚಿನ ನೆರಿಗೆ ತರ ಏಳ್ತಿತ್ತು. ಒಂದು ತುಂಡು ಕತ್ತರಿಸಿ ಟೇಬಲ್ ಮೇಲೆ ಹಾಸಿ ಅಳೆದ್ರೆ ಅಲೆಯ ಎತ್ತರ 4 ಎಂಎಂ, ಒಂದು ಅಲೆಯಿಂದ ಇನ್ನೊಂದಕ್ಕೆ 400 ಎಂಎಂ. ಲೆಕ್ಕ ಹಾಕಿದ್ರೆ ಸುಮಾರು 25 ಐ-ಯೂನಿಟ್ ಬರುತ್ತೆ, ಅಂದ್ರೆ ಆ ಅಂಚು ನಡುಭಾಗಕ್ಕಿಂತ ಲಕ್ಷಕ್ಕೆ 25 ಭಾಗ ಉದ್ದ ಎಳೆದಿದೆ. ಕೇಳೋಕೆ ಏನೂ ಅಲ್ಲ ಅನ್ಸುತ್ತೆ, ಆದ್ರೆ ಪ್ರೆಸ್ ಶಾಪ್‌ನವರ ಕೈಗೆ ಹೋದ್ರೆ ಕಾಯಿಲ್ ವಾಪಸ್ ಬರೋದು ಗ್ಯಾರಂಟಿ.

ಮೊದಲು ಮಿಲ್ ಬಗ್ಗೆ ಹೇಳ್ಬಿಡ್ತೀನಿ. ನಮ್ದು ಹಳೇ ಫೋರ್-ಹೈ ರಿವರ್ಸಿಂಗ್ ಕೋಲ್ಡ್ ಮಿಲ್, ಅಂದ್ರೆ ಒಂದರ ಮೇಲೊಂದು ನಾಲ್ಕು ರೋಲ್, ಸ್ಟ್ರಿಪ್ ಹಿಂದೆ ಮುಂದೆ ಓಡುತ್ತೆ. ಸ್ಟ್ರಿಪ್ಪನ್ನ ಒತ್ತೋ ವರ್ಕ್ ರೋಲ್ 230 ಎಂಎಂ, ಅದಕ್ಕೆ ಬೆನ್ನು ಕೊಡೋ ಬ್ಯಾಕಪ್ ರೋಲ್ 600 ಎಂಎಂ, ಬ್ಯಾರೆಲ್ (ರೋಲ್ ಮೈಯ ಉದ್ದ) 750, ಓಡಿಸೋದು ಹೆಚ್ಚಾಗಿ 600 ಅಗಲದ ಲೋ ಕಾರ್ಬನ್ ಸ್ಟ್ರಿಪ್, 2 ಎಂಎಂ ಇಂದ 0.5 ವರೆಗೆ. ಮೇಲಿಂದ ರೋಲ್ ಗ್ಯಾಪ್ ಹಿಡಿಯೋ ಸ್ಕ್ರೂ ಕೆಳಗೆ ಒಂದೊಂದು ಸೈಡಿಗೆ ಒಂದೊಂದು ಲೋಡ್ ಸೆಲ್ (ಬಲ ಅಳೆಯೋದು). ವರ್ಕ್ ರೋಲ್ ಬೆಂಡಿಂಗಿಗೆ ನಾಲ್ಕು ಸಿಲಿಂಡರ್, ಸೈಡಿಗೆ ಎರಡರ ಹಾಗೆ, ಹೌಸಿಂಗ್ ಕಿಟಕಿಯೊಳಗೆ ಬೋಲ್ಟ್ ಮಾಡಿರೋ ಮೇ ವೆಸ್ಟ್ ಬ್ಲಾಕ್ (ಸಿಲಿಂಡರ್ ಹಿಡಿದಿಡೋ ಸ್ಟೀಲ್ ಬ್ಲಾಕ್) ಒಳಗೆ ಕೂತಿವೆ. ಪಿಸ್ಟನ್ 80 ಎಂಎಂ. ಕೆಳಗಿನ ಚಾಕನ್ನ (ರೋಲ್ ಕೊನೆಯ ಬೇರಿಂಗ್ ಕೂರೋ ಪೆಟ್ಟಿಗೆ) ಕೆಳಕ್ಕೆ ಮೇಲಿನ ಚಾಕನ್ನ ಮೇಲಕ್ಕೆ ತಳ್ಳೋದು ಅಷ್ಟೇ ಕೆಲಸ, ಅಂದ್ರೆ ಪಾಸಿಟಿವ್ ಬೆಂಡಿಂಗ್ ಮಾತ್ರ, ನೆಗೆಟಿವ್ ನಮ್ಮಲ್ಲಿಲ್ಲ. ಸ್ಟ್ರಿಪ್ ಇಲ್ಲದಾಗ ಮೇಲಿನ ವರ್ಕ್ ರೋಲನ್ನ ಬ್ಯಾಕಪ್ಪಿಗೆ ಒತ್ತಿ ಹಿಡಿಯೋ ಬ್ಯಾಲೆನ್ಸ್ ಕೆಲಸವೂ ಇದೇ ಸಿಲಿಂಡರ್‌ದು.

ಬೆಂಡಿಂಗ್ ಯಾಕೆ ಬೇಕು ಅಂತ ಹೊಸ ಹುಡುಗರು ಕೇಳಿದಾಗ ನಾನು ಸಂಕದ ಉದಾಹರಣೆ ಕೊಡ್ತೀನಿ. ಮಲೆನಾಡಲ್ಲಿ ಹಳ್ಳ ದಾಟೋಕೆ ಅಡಿಕೆ ಮರದ ಸಂಕ ಹಾಕಿರ್ತಾರಲ್ಲ, ನಡುವೆ ಕಾಲಿಟ್ರೆ ಅದು ಬಾಗುತ್ತೆ, ಎರಡು ದಡದ ಹತ್ರ ಅಲ್ಲಾಡಲ್ಲ. ಮಿಲ್ಲಲ್ಲೂ ಸ್ಟ್ರಿಪ್ ನಡುವಿಂದ ತಳ್ಳುತ್ತೆ, ಸ್ಕ್ರೂ ಎರಡು ಕೊನೇಲಿ ಹಿಡಿದಿರುತ್ತೆ, ಹಾಗಾಗಿ ರೋಲ್ ನಡುವೆ ಬಾಗಿ ಅಲ್ಲಿ ಗ್ಯಾಪ್ ಜಾಸ್ತಿ ಆಗುತ್ತೆ. ಇದರ ಮೇಲೆ ಇನ್ನೊಂದು ಇದೆ, ಸ್ಟ್ರಿಪ್ 600 ಬ್ಯಾರೆಲ್ 750, ಅಂದ್ರೆ ಎರಡೂ ಕಡೆ 75 ಎಂಎಂ ಜಾಗದಲ್ಲಿ ಸ್ಟ್ರಿಪ್ ಇಲ್ಲ ಆದ್ರೆ ಬ್ಯಾಕಪ್ ರೋಲ್ ಅಲ್ಲೂ ವರ್ಕ್ ರೋಲನ್ನ ಒತ್ತುತ್ತಾನೇ ಇರುತ್ತೆ, ಹಾಗಾಗಿ ವರ್ಕ್ ರೋಲಿನ ಕೊನೆಗಳು ಸ್ಟ್ರಿಪ್ ಕಡೆಗೆ ಬಾಗ್ತವೆ. ಎರಡೂ ಸೇರಿ ಅಂಚು ತೆಳ್ಳಗೆ, ನಡು ದಪ್ಪ. ಅಂಚಲ್ಲಿ ಜಾಸ್ತಿ ಒತ್ತಿದ್ರೆ ಅಂಚು ಜಾಸ್ತಿ ಉದ್ದ ಆಗುತ್ತೆ, ಆ ಹೆಚ್ಚಿನ ಉದ್ದಕ್ಕೆ ಹೋಗೋಕೆ ಜಾಗ ಇಲ್ಲ, ಅಲೆ ಆಗುತ್ತೆ. ಪಾಸಿಟಿವ್ ಬೆಂಡಿಂಗ್ ಕೊಟ್ರೆ ರೋಲಿನ ಕೊನೆಗಳು ಸ್ಟ್ರಿಪ್ಪಿಂದ ದೂರ ಎದ್ದು ಅಂಚಿನ ಒತ್ತಡ ಇಳಿಯುತ್ತೆ. ಅತಿಯಾದ್ರೆ ಉಲ್ಟಾ, ನಡುವೆ ಉಬ್ಬು ಬರುತ್ತೆ, ಸೆಂಟರ್ ಬಕಲ್.

ಈಗ ವಿಷಯಕ್ಕೆ. ಒಂದೇ ಸೈಡಲ್ಲಿ ಅಲೆ ಅಂದ್ರೆ ಎಲ್ರೂ ಮೊದಲು ಹೇಳೋದು ಟಿಲ್ಟ್, ಅಂದ್ರೆ ಎರಡು ಸೈಡಿನ ಸ್ಕ್ರೂ ಮಟ್ಟ ಹೆಚ್ಚುಕಮ್ಮಿ ಇರೋದು. ಶಿಫ್ಟ್ ಆಪರೇಟರ್ ಡ್ರೈವ್ ಸೈಡ್ ಸ್ಕ್ರೂ ಒಂದಿಷ್ಟು ಎತ್ತಿದ್ರು, ಅಲೆ ಕಡಿಮೆ ಆಯ್ತು, ಎರಡನೇ ಪಾಸಲ್ಲಿ ಆಪರೇಟರ್ ಸೈಡಲ್ಲಿ ಶುರುವಾಯ್ತು, ಜೊತೆಗೆ ಕಾಯಿಲ್ ಸುತ್ತುವಾಗ ಒಂದು ಕಡೆ ಸರಿಯೋಕೆ ಶುರು. ಆಮೇಲೆ ರೋಲ್ ಗ್ರೈಂಡಿಂಗ್ ಮೇಲೆ ಅನುಮಾನ ಬಂತು, ಹೊಸದಾಗಿ ಗ್ರೈಂಡ್ ಮಾಡಿದ ಜೋಡಿ ಹಾಕಿದ್ವಿ, ಅದೇ ಕಥೆ. ಕೂಲಂಟ್ ನಾಜಲ್ ಎಲ್ಲಾ ಬಿಚ್ಚಿ ತೊಳೆದ್ವಿ, ಎರಡು ಮುಚ್ಚಿಕೊಂಡಿದ್ವು ನಿಜ, ಆದ್ರೆ ಅವು ಆಪರೇಟರ್ ಸೈಡಿನವು. ಬೆಂಡಿಂಗ್ ಮೇಲೆ ಯಾರಿಗೂ ಅನುಮಾನ ಬರಲಿಲ್ಲ, ಯಾಕಂದ್ರೆ ಸ್ಕ್ರೀನಲ್ಲಿ 110 ಬಾರ್ ಸೆಟ್, 110 ಬಾರ್ ಆಕ್ಚುಯಲ್, ಒಂದು ಬಾರ್ ಕೂಡ ಆಚೀಚೆ ಇಲ್ಲ.

ಅಲ್ಲೇ ನಾವು ಎಡವಿದ್ದು. ಆ ಪ್ರೆಶರ್ ಟ್ರಾನ್ಸ್‌ಡ್ಯೂಸರ್ ಇರೋದು ಮ್ಯಾನಿಫೋಲ್ಡ್ (ಎಣ್ಣೆ ಹಂಚೋ ಬ್ಲಾಕ್) ಮೇಲೆ, ಒಂದೇ ಪ್ರಪೋರ್ಷನಲ್ ವಾಲ್ವು ನಾಲ್ಕೂ ಸಿಲಿಂಡರಿಗೆ ಎಣ್ಣೆ ಕೊಡುತ್ತೆ. ಆ ಅಂಕಿ ಎಣ್ಣೆ ಬಗ್ಗೆ ಹೇಳುತ್ತೆ, ಚಾಕ್ ಮೇಲೆ ಎಷ್ಟು ಬಲ ಬಿತ್ತು ಅನ್ನೋದನ್ನ ಹೇಳಲ್ಲ. ಪಿಸ್ಟನ್ ಒಳಗೆ ಕಚ್ಚಿಕೊಂಡಿದ್ರೂ ಎಣ್ಣೆ 110 ಬಾರ್ ಇದ್ದೇ ಇರುತ್ತೆ.

ನಮ್ಮ ಹಿರಿಯ ಫಿಟ್ಟರ್ ಅಣ್ಣ, ಮೂವತ್ತು ವರ್ಷದಿಂದ ಮಿಲ್ಲಲ್ಲೇ ಇರೋರು, ಟೀ ಕುಡೀತಾ ಒಂದು ಮಾತು ಹೇಳಿದ್ರು: “ಬೆಂಡಿಂಗ್ ಎತ್ತಿದ್ರೆ ಏನೂ ಆಗಲ್ಲ ಕಣಪ್ಪ, ಎತ್ತುತ್ತಾ ಹೋದ್ರೆ ಆಮೇಲೆ ಒಂದೇ ಸಲ ಧಡ್ ಅಂತ ಶೇಪ್ ಬದಲಾಗುತ್ತೆ, ಇಳಿಸಿದ್ರೂ ಹಂಗೇ.” ಅಲ್ಲಿಗೆ ನನಗೆ ಬೇರೆ ಏನೂ ಬೇಕಾಗಿರಲಿಲ್ಲ. ತಡೆದು ತಡೆದು ಜಿಗಿಯೋದು ಅಂದ್ರೆ ಎಲ್ಲೋ ಏನೋ ಹಿಡೀತಿದೆ ಅಂತಾನೇ ಅರ್ಥ.

ಪರೀಕ್ಷೆ ಹೇಗೆ ಮಾಡಿದ್ವಿ ಅಂದ್ರೆ, ಇದನ್ನ ಯಾರು ಬೇಕಾದ್ರೂ ಅರ್ಧ ಗಂಟೇಲಿ ಮಾಡ್ಬಹುದು, ಏನೂ ಬಿಚ್ಚಬೇಕಿಲ್ಲ. ಸ್ಟ್ರಿಪ್ ತೆಗೆದು ರೋಲ್ ಗ್ಯಾಪ್ ತೆರೆದಿಟ್ಟುಬಿಡಿ, ವರ್ಕ್ ರೋಲ್ ಒಂದಕ್ಕೊಂದು ತಾಗಬಾರದು, ರೋಲ್ ತಿರುಗಬಾರದು. ಈಗ ಬೆಂಡಿಂಗ್ ಸಿಲಿಂಡರ್ ಮೇಲಿನ ವರ್ಕ್ ರೋಲ್ ಚಾಕನ್ನ ತಳ್ಳುತ್ತೆ, ವರ್ಕ್ ರೋಲ್ ಬ್ಯಾಕಪ್ ರೋಲನ್ನ ತಳ್ಳುತ್ತೆ, ಬ್ಯಾಕಪ್ ಚಾಕ್ ಸ್ಕ್ರೂನ ತಳ್ಳುತ್ತೆ, ನಡುವೆ ಲೋಡ್ ಸೆಲ್ ಕೂತಿದೆ. ಮಧ್ಯೆ ಬೇರೆ ಯಾವ ಬಲವೂ ಇಲ್ಲ. ಹಾಗಾಗಿ ಬೆಂಡಿಂಗ್ ಎಷ್ಟು ಏರಿತೋ ಲೋಡ್ ಸೆಲ್ ಅಷ್ಟೇ ಏರಬೇಕು. ಲೆಕ್ಕ ಸುಲಭ: 80 ಎಂಎಂ ಪಿಸ್ಟನ್ನಿನ ಏರಿಯಾ 50.3 ಚದರ ಸೆಂಟಿಮೀಟರ್, 30 ರಿಂದ 120 ಬಾರಿಗೆ ಹೋದ್ರೆ 90 ಬಾರ್ ಏರಿಕೆ, ಸೈಡಿಗೆ ಎರಡು ಪಿಸ್ಟನ್, ಒಟ್ಟು 90.5 ಕಿಲೋನ್ಯೂಟನ್, ನಮ್ಮ ಭಾಷೇಲಿ 9.2 ಟನ್.

ಆಪರೇಟರ್ ಸೈಡ್ 8.8 ಟನ್ ತೋರಿಸ್ತು. ಸೀಲಿನ ಘರ್ಷಣೆ ಅಂತ ಸ್ವಲ್ಪ ಹೋಗೇ ಹೋಗುತ್ತೆ, ಅದು ಸರಿ. ಡ್ರೈವ್ ಸೈಡ್ 5.6. ಮೂರು ಸಲ ಮಾಡಿದ್ವಿ, ಅದೇ. ವಾಪಸ್ 30 ಬಾರಿಗೆ ಇಳಿಸಿದಾಗ ಆಪರೇಟರ್ ಸೈಡ್ ಶುರುವಿಗೆ ಹತ್ರ ಬಂತು, ಡ್ರೈವ್ ಸೈಡಲ್ಲಿ 1.9 ಟನ್ ಹಾಗೇ ಉಳ್ಕೊಂಡಿತ್ತು, ಅಂದ್ರೆ ಪಿಸ್ಟನ್ ಕೆಳಗೂ ಬರ್ತಿಲ್ಲ, ಬೆಣೆ ಹೊಡೆದ ಹಾಗೆ ನಿಂತಿದೆ. ಆ ಅಂಕಿ ನೋಡಿದಾಗ ಆದ ಸಮಾಧಾನ ಹೇಳೋಕಾಗಲ್ಲ, ಮೂರು ವಾರದಿಂದ ಎಲ್ರೂ ಎಲ್ರನ್ನೂ ದೂರ್ತಿದ್ವಿ, ಈಗ ಕಾರಣ ಕಣ್ಣೆದುರು ಇತ್ತು.

ಎರಡರಲ್ಲಿ ಯಾವ ಸಿಲಿಂಡರ್ ಅಂತ ತಿಳಿಯೋಕೆ ವರ್ಕ್ ರೋಲ್ ಹೊರಗೆ ತೆಗೆದು, ಪ್ರೆಶರ್ ಪೂರ್ತಿ ಇಳಿಸಿ, ಸೊನ್ನೆಯಿಂದ ನಿಧಾನಕ್ಕೆ ಏರಿಸಿದ್ವಿ, ಒಂದೊಂದು ಪಿಸ್ಟನ್ ಮೇಲೂ ಡಯಲ್ ಗೇಜ್ ಇಟ್ಟು. ಮೂರು ಪಿಸ್ಟನ್ 4-5 ಬಾರಿಗೇ ಎದ್ವು. ಡ್ರೈವ್ ಸೈಡ್, ಎಡ ರೀಲ್ ಕಡೆಯದು 28 ಬಾರ್ ವರೆಗೆ ಅಲ್ಲಾಡಲಿಲ್ಲ, ಆಮೇಲೆ ಜರ್ಕ್ ಹೊಡೀತಾ ಎದ್ದಿತು. ಖಾಲಿ ಇದ್ದಾಗಲೇ ಹೀಗಾದ್ರೆ ಲೋಡಲ್ಲಿ ಇನ್ನೂ ಕೆಟ್ಟದಾಗಿ ಹಿಡಿಯುತ್ತೆ, ಯಾಕೆ ಅನ್ನೋದು ಬಿಚ್ಚಿದ ಮೇಲೆ ಗೊತ್ತಾಯ್ತು.

ಬಿಚ್ಚೋದಕ್ಕೆ ಮುಂಚೆ ಒಂದು ಮಾತು, ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ. ಪಂಪ್ ಆಫ್ ಮಾಡಿ ಲಾಕ್ ಹಾಕಿದ್ರೆ ಸಾಲಲ್ಲ. ನೈಟ್ರೋಜನ್ ಅಕ್ಯುಮುಲೇಟರ್ ಒಳಗೆ ಎಣ್ಣೆ ಪ್ರೆಶರಲ್ಲೇ ಕೂತಿರುತ್ತೆ, ಡ್ರೈನ್ ವಾಲ್ವು ತೆರೆದು ಅದರ ಗೇಜ್ ಸೊನ್ನೆಗೆ ಬಂದಿದ್ದನ್ನ ಕಣ್ಣಾರೆ ನೋಡ್ಬೇಕು. ಮೇಲಿನ ಬ್ಯಾಕಪ್ ರೋಲ್ ಬ್ಯಾಲೆನ್ಸ್ ಸಿಲಿಂಡರ್ ಮೇಲೆ ನೇತಾಡ್ತಿರುತ್ತೆ, ಪ್ರೆಶರ್ ಇಳಿದ್ರೆ ಅದೂ ಇಳಿಯುತ್ತೆ, ಅದಕ್ಕೆ ಮೊದಲೇ ಚಾಕ್ ಕೆಳಗೆ ಸ್ಟೀಲ್ ಸ್ಟೂಲ್ ಕೊಟ್ಟು ಅದರ ಮೇಲೆ ಕೂರಿಸಿದ್ವಿ. ಆ ಕಿಟಕಿಯೊಳಗೆ ಮನುಷ್ಯ ಅರ್ಧ ದೇಹ ತೂರಿಸಿ ಕೆಲಸ ಮಾಡ್ತಾನೆ, ತಲೆ ಮೇಲೆ ಟನ್‌ಗಟ್ಟಲೆ ತೂಕ.

ಬ್ಲಾಕ್ ಹೊರಗೆ ಬರೋಕೆ ಒಂದು ಶಿಫ್ಟ್ ಪೂರ್ತಿ ಹೋಯ್ತು, ಬೋಲ್ಟ್‌ಗಳು ಎಮಲ್ಷನ್ (ಎಣ್ಣೆ-ನೀರು ಬೆರೆತ ಕೂಲಂಟ್) ಕುಡಿದು ತುಕ್ಕು ಹಿಡಿದಿದ್ವು. ಪಿಸ್ಟನ್ ಎಳೆದು ನೋಡಿದ್ರೆ ಒಂದು ಪಕ್ಕದಲ್ಲಿ ಹಾರ್ಡ್ ಕ್ರೋಮ್ ಎದ್ದುಹೋಗಿ ಉದ್ದುದ್ದ ಗೀರು, ಬೋರ್ ಒಳಗೂ ಅದಕ್ಕೆ ಸರಿಯಾಗಿ ಗೀರು, 0.15 ಎಂಎಂ ಆಳ. ಎದುರು ಪಕ್ಕ ಹೊಸದರ ಹಾಗೆ ಹೊಳೀತಿತ್ತು. ಒಂದೇ ಪಕ್ಕ ತಿಂದಿದೆ ಅಂದ್ರೆ ಎಣ್ಣೆ ಕೊಳೆ ಮಾತ್ರ ಕಾರಣ ಅಲ್ಲ, ಯಾವುದೋ ಬಲ ಪಿಸ್ಟನ್ನನ್ನ ಅಡ್ಡಡ್ಡ ತಳ್ಳಿದೆ. ಮೇಲಿನ ವೈಪರ್ ಸೀಲ್ ಹರಿದು ಎಮಲ್ಷನ್ ಒಳಗೆ ಇಳಿದಿತ್ತು. ಸಿಲಿಂಡರಿಂದ ಬಂದ ಎಣ್ಣೆ ನೀರು ಬೆರೆಸಿದ ಹಾಲಿನ ಬಣ್ಣ, ಬಿಸಿ ತಟ್ಟೆ ಮೇಲೆ ಒಂದು ಹನಿ ಹಾಕಿದ್ರೆ ಒಗ್ಗರಣೆ ಸಾಸಿವೆ ತರ ಚಟಪಟ ಅಂತು, ನೀರಿದೆ ಅನ್ನೋಕೆ ಅಷ್ಟು ಸಾಕು.

ಅಡ್ಡ ತಳ್ಳಿದ್ದು ಯಾರು? ಚಾಕ್ ತಿರುಗಿಸಿ ನೋಡಿದಾಗ ಉತ್ತರ ಸಿಕ್ತು. ಪಿಸ್ಟನ್ ತಲೆ ಸ್ವಲ್ಪ ಗುಂಡಗೆ ಇರುತ್ತೆ, ಚಾಕ್ ಕಿವಿಯ ಅಡಿಯಲ್ಲಿ ಹಾರ್ಡ್ ಪ್ಲೇಟ್ ಇರುತ್ತೆ, ಆ ಗುಂಡು ತಲೆ ಚಪ್ಪಟೆ ಪ್ಲೇಟ್ ಮೇಲೆ ಜಾರಬೇಕು. ನಮ್ಮ ಪ್ಲೇಟಲ್ಲಿ ಬಟ್ಟಲು ತರ ಗುಳಿ ಬಿದ್ದಿತ್ತು, ಪಿಸ್ಟನ್ ತಲೆ ಅದರೊಳಗೆ ಕೂತು ಜಾರೋದನ್ನ ಬಿಟ್ಟಿತ್ತು. ಇದರ ಜೊತೆಗೆ ಚಾಕ್ ಮತ್ತೆ ಬ್ಲಾಕ್ ನಡುವಿನ ಲೈನರ್ (ಸವೆತ ತಡೆಯೋ ಪ್ಲೇಟ್) ಸವೆದು ಕ್ಲಿಯರೆನ್ಸ್ 0.9 ಎಂಎಂ ಆಗಿತ್ತು, ಡ್ರಾಯಿಂಗಲ್ಲಿ ಇರೋದು 0.35. ರಿವರ್ಸಿಂಗ್ ಮಿಲ್ ಅಲ್ವಾ, ಪ್ರತಿ ಪಾಸಿಗೂ ದಿಕ್ಕು ಬದಲಾದಾಗ ಚಾಕ್ ಈ ಲೈನರಿಂದ ಆ ಲೈನರಿಗೆ ಬಡಿಯುತ್ತೆ. ಜಾರೋಕೆ ಬಿಟ್ಟಿದ್ರೆ ಪಿಸ್ಟನ್ನಿಗೆ ಏನೂ ಆಗ್ತಿರಲಿಲ್ಲ, ಗುಳಿಯಲ್ಲಿ ಸಿಕ್ಕಿಕೊಂಡಿದ್ದರಿಂದ ಚಾಕ್ ಪ್ರತಿ ಸಲ ಪಿಸ್ಟನ್ ತಲೆಯನ್ನ ತನ್ನ ಜೊತೆ ಎಳ್ಕೊಂಡು ಹೋಗ್ತಿತ್ತು. ಬೆಂಡಿಂಗ್ ಪ್ರೆಶರ್ ಜಾಸ್ತಿ ಆದಷ್ಟೂ ತಲೆ ಗುಳಿಯೊಳಗೆ ಗಟ್ಟಿಯಾಗಿ ಕೂರುತ್ತೆ, ಅಡ್ಡ ಬಲವೂ ಏರುತ್ತೆ, ಪಿಸ್ಟನ್ ಬೋರಿಗೆ ಇನ್ನೂ ಕಚ್ಚುತ್ತೆ. ಅಲೆ ಬಂತು ಅಂತ ಆಪರೇಟರ್ ಬೆಂಡಿಂಗ್ ಏರಿಸಿದಷ್ಟೂ ಆ ಮೂಲೆ ಇನ್ನೂ ಜಾಸ್ತಿ ಹಿಡ್ಕೊಳ್ತಿತ್ತು. ಹಾಗಾಗಿ ಬರೀ ಸೀಲ್ ಕಿಟ್ ಬದಲಾಯಿಸಿ ಮುಚ್ಚಿದ್ರೆ ಎರಡು ತಿಂಗಳಿಗೆ ಮತ್ತೆ ಇದೇ ಗತಿ ಆಗ್ತಿತ್ತು.

ಬೋರ್ ಸರಿಮಾಡೋಕೆ ಎರಡು ದಾರಿ ಇತ್ತು. ಒಂದು, ಗೀರು ಹೋಗೋವರೆಗೂ ಹೋನ್ ಮಾಡಿ (ಕಲ್ಲಿಂದ ಒಳಮೈ ಉಜ್ಜಿ) ಓವರ್‌ಸೈಜ್ ಪಿಸ್ಟನ್ ಹಾಕೋದು. ಅದು ಬೇಗ ಆಗುತ್ತೆ, ಆದ್ರೆ ನಾಲ್ಕರಲ್ಲಿ ಒಂದರ ಏರಿಯಾ ಬೇರೆ ಆಗುತ್ತೆ, ಬಲದ ಲೆಕ್ಕವೂ ಬೇರೆ ಆಗುತ್ತೆ, ಸ್ಪೇರ್ ಸೀಲೂ ಬೇರೆ ಇಡಬೇಕು. ನನಗೆ ಇಷ್ಟ ಆಗಲಿಲ್ಲ. ಎರಡನೇದು, ಬೋರನ್ನ 96 ಎಂಎಂಗೆ ದೊಡ್ಡದು ಮಾಡಿ ಸ್ಲೀವ್ (ಒಳಗೆ ಕೂರೋ ಕೊಳವೆ) ಹಾಕಿ ವಾಪಸ್ 80ಕ್ಕೆ ತರೋದು. ಅದನ್ನೇ ಮಾಡಿದ್ವಿ, ಬ್ಲಾಕ್ ಹೊತ್ತುಕೊಂಡು ಪೀಣ್ಯದ ಒಂದು ಬೋರಿಂಗ್ ಶಾಪಿಗೆ ಹೋದ್ವಿ.

ಸ್ಲೀವಿಗೆ 0.05 ಎಂಎಂ ಇಂಟರ್‌ಫಿಯರೆನ್ಸ್ ಕೊಟ್ವಿ, ಅಂದ್ರೆ ಬೋರಿಗಿಂತ ಅಷ್ಟು ದಪ್ಪ. ಪ್ರೆಸ್ಸಲ್ಲಿ ಒತ್ತಿದ್ರೆ ಗೀಚುತ್ತೆ ಅಂತ ಲಿಕ್ವಿಡ್ ನೈಟ್ರೋಜನ್ನಲ್ಲಿ ಮುಳುಗಿಸಿ ಕುಗ್ಗಿಸಿ ಹಾಕೋ ಪ್ಲಾನ್, 96 ಎಂಎಂ ಸ್ಟೀಲ್ ಅಷ್ಟು ತಣ್ಣಗಾದ್ರೆ 0.18 ಹತ್ರ ಕುಗ್ಗುತ್ತೆ, ಆರಾಮಾಗಿ ಇಳಿಯುತ್ತೆ. ನಾನು ಡ್ರಾಯಿಂಗಲ್ಲಿ ಸ್ಲೀವ್ ಹೊರಮೈಗೆ ಓ-ರಿಂಗ್ ಗ್ರೂವ್ ಕೊಟ್ಟಿದ್ದೆ, ಹಿಂದಿನಿಂದ ಎಣ್ಣೆ ಲೀಕ್ ಆಗಬಾರದು ಅಂತ. ಅಲ್ಲಿದ್ದ ವಯಸ್ಸಾದ ಟರ್ನರ್ ಒಬ್ರು ಡ್ರಾಯಿಂಗ್ ನೋಡಿದ ತಕ್ಷಣ “ಸಾರ್, ಈ ರಿಂಗ್ ಹಾಕಿ ನೈಟ್ರೋಜನ್ನಿಗೆ ಬಿಟ್ರೆ ಹಪ್ಪಳ ಆಗುತ್ತೆ, ಇಳಿಸುವಾಗಲೇ ಪುಡಿ” ಅಂದ್ರು. ನೂರಕ್ಕೆ ನೂರು ಸರಿ, ನೈಟ್ರೈಲ್ ರಬ್ಬರ್ ಆ ಚಳಿಗೆ ಗಾಜಿನ ಹಾಗೆ ಆಗುತ್ತೆ. ಅವರೇ ದಾರಿ ಹೇಳಿದ್ರು: ಸ್ಲೀವ್ ಮೇಲಿನ ಅಂಚಲ್ಲಿ ಸ್ಲೀವ್ ಮತ್ತೆ ಬ್ಲಾಕ್ ಸೇರೋ ಜಾಗಕ್ಕೆ ಚಾಂಫರ್ ಕೊಟ್ಟು, ಎಲ್ಲಾ ರೂಮ್ ಟೆಂಪರೇಚರಿಗೆ ಬಂದ ಮೇಲೆ ಅಲ್ಲಿ ಓ-ರಿಂಗ್ ಕೂರಿಸಿ ಗ್ಲ್ಯಾಂಡ್ ಪ್ಲೇಟಿಂದ ಅದುಮೋದು. ಹಿಂದಿನಿಂದ ಎಣ್ಣೆ ಬಂದ್ರೂ ಅಲ್ಲೇ ನಿಲ್ಲುತ್ತೆ. ಅವರಿಗೆ ನಾನು ಋಣಿ.

ಸ್ಲೀವ್ ಕೂತ ಮೇಲೆ ಒಳ ಬೋರ್ ಸ್ವಲ್ಪ ಕಿರಿದಾಗುತ್ತೆ, ಅದಕ್ಕೆ ಫೈನಲ್ ಹೋನಿಂಗ್ ಆಮೇಲೆ ಮಾಡಿಸಿದ್ವಿ, 80 ಎಚ್8, ಅಂದ್ರೆ 80.000 ಇಂದ 80.046 ಒಳಗೆ, ನಮಗೆ ಸಿಕ್ಕಿದ್ದು 80.02. ಪಿಸ್ಟನ್ ಹೊಸದು, ಇಎನ್19 ಸ್ಟೀಲ್, ಹಾರ್ಡ್ ಕ್ರೋಮ್ ಮಾಡಿ ಗ್ರೈಂಡ್ ಮಾಡಿದ್ದು. ಹಳೇದರಲ್ಲಿ ಒಂದೇ ಗೈಡ್ ರಿಂಗ್ ಇತ್ತು, ಹೊಸದರಲ್ಲಿ ಎರಡು, ಆದಷ್ಟು ದೂರ ದೂರ, ಅಡ್ಡ ಬಲ ಬಂದ್ರೂ ಲೋಹಕ್ಕೆ ಲೋಹ ತಾಗಬಾರದು ಅಂತ. ಸೀಲ್ ಪಿಟಿಎಫ್ಇ, ಅಡಿಯಲ್ಲಿ ನೈಟ್ರೈಲ್ ರಿಂಗ್ ಇರೋದು. ಬೆಂಡಿಂಗ್ ಸಿಲಿಂಡರ್ ಜರುಗೋದು ಕೂದಲೆಳೆಯಷ್ಟು ದೂರ, ಗಂಟೆಗಟ್ಟಲೆ ಒಂದೇ ಜಾಗದಲ್ಲಿ ನಿಂತಿದ್ದು ಆಮೇಲೆ ಒಂದಿಷ್ಟು ಜರುಗಬೇಕು, ಅಂಟಿಕೊಳ್ಳೋ ಸೀಲ್ ಇಲ್ಲಿ ಆಗಿಬರಲ್ಲ. ವೈಪರ್ ಡಬಲ್ ಲಿಪ್ ಹಾಕಿದ್ವಿ.

ಚಾಕ್ ಪ್ಲೇಟ್ ಹೊಸದು, ಹಾರ್ಡನ್ ಮಾಡಿ ಸರ್ಫೇಸ್ ಗ್ರೈಂಡ್ ಮಾಡಿದ್ದು. ಇದೊಂದು ಚಾಕಿಗೆ ಮಾತ್ರ ಅಲ್ಲ, ಸ್ಪೇರ್ ಸೆಟ್ ಸೇರಿಸಿ ಎಲ್ಲಾ ಚಾಕಿಗೂ ಹಾಕಿದ್ವಿ, ಯಾಕಂದ್ರೆ ರೋಲ್ ಬದಲಾಯಿಸಿದಾಗ ಚಾಕೂ ಬದಲಾಗುತ್ತೆ, ಗುಳಿ ಬಿದ್ದ ಚಾಕ್ ಒಂದು ಉಳಿದ್ರೂ ಹೊಸ ಪಿಸ್ಟನ್ನನ್ನ ತಿನ್ನುತ್ತೆ. ಲೈನರ್ ಸ್ವಲ್ಪ ಹೊಸದು, ಸ್ವಲ್ಪ ಶಿಮ್ ಕೊಟ್ಟು ಫೀಲರ್ ಗೇಜಲ್ಲಿ 0.35 ರಿಂದ 0.40 ಒಳಗೆ ತಂದ್ವಿ. ಶಿಮ್ ಕೆಲಸ ಬೇಜಾರಿನದು, ಅದರ ಬಗ್ಗೆ ಜಾಸ್ತಿ ಹೇಳೋದೇನಿಲ್ಲ.

ಎಣ್ಣೆ ಟ್ಯಾಂಕ್ ಖಾಲಿ ಮಾಡಿ ಒರೆಸಿ ಹೊಸ ಎಣ್ಣೆ ಹಾಕಿ, ಪ್ರಪೋರ್ಷನಲ್ ವಾಲ್ವು ತೆಗೆದು ಫ್ಲಶಿಂಗ್ ಪ್ಲೇಟ್ ಕೂರಿಸಿ ರಾತ್ರಿಯಿಡೀ ಸುತ್ತಾಡಿಸಿದ್ವಿ, ಬೆಳಿಗ್ಗೆ ಫಿಲ್ಟರ್ ಬದಲಾಯಿಸಿದ್ವಿ. ವಾಲ್ವು ಇಟ್ಟುಕೊಂಡೇ ಫ್ಲಶ್ ಮಾಡಿದ್ರೆ ಪೈಪಿನ ಕಸ ಎಲ್ಲಾ ಹೋಗಿ ಅದರ ಸ್ಪೂಲಲ್ಲೇ ಕೂರುತ್ತೆ.

ಈಗ ಮತ್ತೆ ಅದೇ ಪರೀಕ್ಷೆ. ರೋಲ್ ಇಲ್ಲದೆ ಹೊಸ ಪಿಸ್ಟನ್ 4 ಬಾರಿಗೆ ಎದ್ದಿತು, ಜರ್ಕ್ ಇಲ್ಲ. ರೋಲ್ ಹಾಕಿ ಗ್ಯಾಪ್ ತೆರೆದಿಟ್ಟು 30 ರಿಂದ 120: ಆಪರೇಟರ್ ಸೈಡ್ 8.8, ಡ್ರೈವ್ ಸೈಡ್ 9.0. ಇಳಿಸಿದಾಗ ಎರಡೂ ಶುರುವಿನ ಜಾಗಕ್ಕೆ ಬಂದ್ವು. ಹಿರಿಯ ಅಣ್ಣ ಸ್ಕ್ರೀನ್ ನೋಡಿ ಏನೂ ಮಾತಾಡದೆ ನನ್ನ ಬೆನ್ನು ತಟ್ಟಿ ಹೋದ್ರು.

ಮೊದಲನೇ ಕಾಯಿಲ್ ಹಾಕಿದಾಗ ಹಳೇ ಅಭ್ಯಾಸದ ಟಿಲ್ಟ್ ಪೂರ್ತಿ ತೆಗೆಸಿ ಲೆವೆಲ್ ಮಾಡಿಸಿದ್ದೆ. 90 ಬಾರಲ್ಲೇ ಸ್ಟ್ರಿಪ್ ಮಲಗಿತು. ತುಂಡು ಕತ್ತರಿಸಿ ಅಳೆದ್ರೆ ಡ್ರೈವ್ ಸೈಡ್ ಅಲೆ ಒಂದೂವರೆ ಎಂಎಂ, 400 ಎಂಎಂ ಅಂತರಕ್ಕೆ 3.5 ಐ-ಯೂನಿಟ್, ಆಪರೇಟರ್ ಸೈಡೂ ಹತ್ರ ಹತ್ರ ಅಷ್ಟೇ. ಬೆಂಡಿಂಗ್ 5 ಬಾರ್ ಏರಿಸಿದ್ರೆ 5 ಬಾರಿನಷ್ಟು ಬದಲಾವಣೆ ಕಾಣುತ್ತೆ, ಇಳಿಸಿದ್ರೆ ವಾಪಸ್ ಬರುತ್ತೆ.

ನಾವು ನಿರೀಕ್ಷೆ ಮಾಡದೇ ಇದ್ದ ಇನ್ನೊಂದು ವಿಷಯ ದಪ್ಪದ್ದು. ನಮ್ಮ ಎಜಿಸಿ (ಸ್ಟ್ರಿಪ್ ದಪ್ಪವನ್ನ ತಾನೇ ಸರಿಹೊಂದಿಸೋ ಕಂಟ್ರೋಲ್) ಹಳೇ ಗೇಜ್‌ಮೀಟರ್ ತತ್ವದ್ದು, ಸ್ಕ್ರೂ ಜಾಗ ಮತ್ತೆ ಲೋಡ್ ಸೆಲ್ ಬಲವನ್ನ ಮಿಲ್ ಸ್ಟಿಫ್‌ನೆಸ್‌ನಿಂದ ಭಾಗಿಸಿದ್ದು, ಎರಡೂ ಕೂಡಿಸಿದ್ರೆ ಸ್ಟ್ರಿಪ್ ದಪ್ಪ. ಮೇಲೆ ಹೇಳಿದ ಹಾಗೆ ಬೆಂಡಿಂಗ್ ಬಲವೂ ಲೋಡ್ ಸೆಲ್ ಮೇಲೆ ಬೀಳುತ್ತೆ, ಅದು ರೋಲಿಂಗ್ ಬಲ ಅಲ್ಲ, ಹಾಗಾಗಿ ಪ್ರೋಗ್ರಾಂ ಅದನ್ನ ಕಳೀಬೇಕು. ನಮ್ಮ ಪ್ರೋಗ್ರಾಂ ಪ್ರೆಶರಿಂದ ಲೆಕ್ಕ ಹಾಕಿ ಕಳೀತಿತ್ತು, ಆದ್ರೆ 3 ಟನ್ನಿಗೂ ಮೇಲೆ ಬಲ ನಿಜವಾಗಿ ಅಲ್ಲಿಗೆ ಬರ್ತಾನೇ ಇರಲಿಲ್ಲ. ಇಲ್ಲದ ಬಲ ಕಳೆದಿದ್ದಕ್ಕೆ ಎಜಿಸಿ ಸ್ಟ್ರಿಪ್ ತೆಳ್ಳಗಿದೆ ಅಂದ್ಕೊಂಡು ಗ್ಯಾಪ್ ತೆರೀತಿತ್ತು. ನಮ್ಮ ಮಿಲ್ ಸ್ಟಿಫ್‌ನೆಸ್ ಎಂಎಂಗೆ 350 ಟನ್, ಅಂದ್ರೆ 9 ಮೈಕ್ರಾನ್ ಹತ್ರ ತಪ್ಪು. ಎಕ್ಸ್-ರೇ ಗೇಜ್ ಹಿಂದಿನಿಂದ ಅದನ್ನ ತಿದ್ದುತ್ತಾ ಇದ್ದಿದ್ದರಿಂದ ಕಾಯಿಲ್ ಪಾಸ್ ಆಗ್ತಿತ್ತು, ಯಾರಿಗೂ ಗೊತ್ತಾಗಿರಲಿಲ್ಲ. ಹಳೇ ಟ್ರೆಂಡ್ ತೆಗೆದು ನೋಡಿದ್ರೆ ಆ ಮೂರು ವಾರ ಮಾನಿಟರ್ ಕರೆಕ್ಷನ್ (ಎಕ್ಸ್-ರೇ ಗೇಜ್ ಮಾಡೋ ಆ ತಿದ್ದುಪಡಿ) ಒಂದೇ ದಿಕ್ಕಿಗೆ ವಾಲಿಕೊಂಡು ನಿಂತಿದೆ. ಈಗ ಸೊನ್ನೆ ಸುತ್ತ ಆಡ್ತಿದೆ. ನಿಮ್ಮ ಮಿಲ್ಲಲ್ಲೂ ಆ ಟ್ರೆಂಡ್ ಒಂದ್ಸಲ ತೆಗೆದು ನೋಡಿ, ಬೆಂಡಿಂಗ್ ಕಾಯಿಲೆ ಶೇಪಲ್ಲಿ ಕಾಣೋಕೆ ಮುಂಚೆ ಅಲ್ಲಿ ಕಾಣಬಹುದು.

ಆಪರೇಟರ್‌ಗಳಿಗೆ ಒಂದು ಮಿತಿ ಹಾಕಿದೀವಿ, 120 ಬಾರ್ ಮೇಲೆ ಹೋಗೋ ಹಾಗಿಲ್ಲ. ಅಲೆ ಜೊತೆ ಗುದ್ದಾಡ್ತಾ 140ಕ್ಕೂ ಹೋಗಿದ್ರು ಅಂತ ಲಾಗಲ್ಲಿ ಕಾಣ್ತು. ಬೆಂಡಿಂಗ್ ಬಲ ಪೂರ್ತಿ ಹಾದು ಹೋಗೋದು ವರ್ಕ್ ರೋಲ್ ನೆಕ್ ಬೇರಿಂಗ್ ಮೂಲಕ. ರೋಲರ್ ಬೇರಿಂಗಲ್ಲಿ ಲೋಡ್ ಕಾಲು ಭಾಗ ಏರಿದ್ರೆ ಆಯುಷ್ಯ ಅರ್ಧಕ್ಕೂ ಕಡಿಮೆ ಆಗುತ್ತೆ, ದುಪ್ಪಟ್ಟಾದ್ರೆ ಹತ್ತನೇ ಒಂದು ಭಾಗ. ದೊಡ್ಡ ಪ್ಲಾಂಟುಗಳಲ್ಲಿ ಬೆಂಡಿಂಗ್ ಒಂದರ ಮೇಲೆ ಇಷ್ಟು ಭಾರ ಹಾಕಲ್ಲ, ಹಿಟಾಚಿಯವರು 1970ರ ದಶಕದಲ್ಲಿ ತಂದ ಸಿಕ್ಸ್-ಹೈ ಎಚ್‌ಸಿ ಮಿಲ್ಲಲ್ಲಿ ನಡುವಿನ ರೋಲನ್ನೇ ಅಡ್ಡ ಸರಿಸಿ ನಾನು ಮೇಲೆ ಹೇಳಿದ ಆ 75 ಎಂಎಂ ಬೇಡದ ಒತ್ತನ್ನ ತೆಗೀತಾರೆ, ಜರ್ಮನಿಯ ಸಿವಿಸಿ ರೋಲಲ್ಲಿ ಎಸ್ ಆಕಾರಕ್ಕೆ ಗ್ರೈಂಡ್ ಮಾಡಿದ ರೋಲ್ ಸರಿಸಿ ಕ್ರೌನ್ (ನಡುವಿನ ಉಬ್ಬು) ಬದಲಾಯಿಸ್ತಾರೆ. ಅಲ್ಲೂ ಬೆಂಡಿಂಗ್ ಬಿಟ್ಟಿಲ್ಲ, ಸ್ಟ್ರಿಪ್ ಓಡ್ತಿರುವಾಗ ತಕ್ಷಣ ಕೈಗೆ ಸಿಗೋದು ಅದೇ.

ಗ್ಯಾಪ್ ತೆರೆದು ಮಾಡೋ ಲೋಡ್ ಸೆಲ್ ಪರೀಕ್ಷೆ ಈಗ ಪ್ರತಿ ರೋಲ್ ಚೇಂಜ್ ಆದ್ಮೇಲೆ ಮಾಡ್ತೀವಿ, ಹತ್ತು ನಿಮಿಷದ ಕೆಲಸ, ನಾಲ್ಕು ಅಂಕಿ ಪುಸ್ತಕದಲ್ಲಿ ಬರೀತೀವಿ. ಹೋದ ವಾರ ಆಪರೇಟರ್ ಸೈಡ್ 8.8 ಇದ್ದಿದ್ದು 8.5 ಆಗಿದೆ. ಅಲ್ಲಿನ ಬಲ ರೀಲ್ ಕಡೆ ಸಿಲಿಂಡರ್ ವೈಪರ್ ಸುತ್ತ ಬೆಳ್ಳಗೆ ಎಮಲ್ಷನ್ ಕಾಣ್ತಿದೆ, ಸ್ಲೀವ್ ಮಾಡೋಕೆ ಆಗಲೇ ಕೊಟ್ಟಿದೀವಿ, ಮುಂದಿನ ಶಟ್‌ಡೌನಲ್ಲಿ ಆ ಬ್ಲಾಕ್ ಬಿಚ್ಚೋದು.